ಧೂಳು ಹಿಡಿದ ಸೂಪರ್‌ಕಾರಿನ ನಿಜವಾದ ಬೆಲೆ: ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತು ಧೂಳು ಹಿಡಿದ ಸೂಪರ್‌ಕಾರೊಂದು, ಸುಸ್ಥಿತಿಯಲ್ಲಿರುವ ಅದೇ ಮಾದರಿಯ ಕಾರಿನ ಮೂರನೇ ಒಂದು ಬೆಲೆಗೆ ಮಾರಾಟಕ್ಕೆ ಬಂದಾಗ, ಕೊಳ್ಳಲು ಹೊರಟವರು ಆ ಎರಡು ಬೆಲೆಗಳ ನಡುವಿನ ಅಂತರವನ್ನು ಉಳಿತಾಯವೆಂದೇ ಎಣಿಸುತ್ತಾರೆ. ವಾಸ್ತವದಲ್ಲಿ ಅದು ಹಿಂದಿನ ಮಾಲೀಕ ಮಾಡಿಸದೆ ಬಿಟ್ಟ ಕೆಲಸಗಳ ಬಾಕಿ. ಕಾರಿನೊಂದಿಗೆ ಆ ಬಾಕಿಯೂ ಹೊಸಬರ ಹೆಸರಿಗೆ ವರ್ಗವಾಗುತ್ತದೆ. ಕಾರಿನ ಬೆಲೆ ಇಳಿದಷ್ಟು ಸುಲಭವಾಗಿ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ತೊಡಕು. 1981ರಲ್ಲಿ ಬಂದ ಮಸೆರಾಟಿ ಬೈಟರ್ಬೊ ಅಥವಾ ಹನ್ನೆರಡು ಸಿಲಿಂಡರಿನ ಜಾಗ್ವಾರ್ ಎಕ್ಸ್‌ಜೆ-ಎಸ್‌ನಂಥ ಕಾರುಗಳು ಒಂದು ಹಂತದಲ್ಲಿ ಸಾಧಾರಣ ಕಾರಿನ ಬೆಲೆಗೆ ಇಳಿದವು, ಆದರೆ ಅವುಗಳ ಎಂಜಿನ್ ಬಿಚ್ಚಿ ಜೋಡಿಸುವ ಶ್ರಮ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಆದ್ದರಿಂದ ಲೆಕ್ಕವನ್ನು ಮಾರುವವನು ಹೇಳಿದ ಬೆಲೆಯಿಂದ ಮೇಲಕ್ಕೆ ಕಟ್ಟಬಾರದು, ಕೆಲಸ ಮುಗಿದ ಕಾರಿನ ಬೆಲೆಯಿಂದ ಕೆಳಕ್ಕೆ ಇಳಿಸುತ್ತ ಬರಬೇಕು. ಅದೇ ಮಾದರಿಯ, ಅದೇ ಅವಧಿಯ, ದಾಖಲೆ ಸರಿಯಿರುವ, ಓಡುತ್ತಿರುವ ಕಾರುಗಳು ಇತ್ತೀಚೆಗೆ ಎಷ್ಟಕ್ಕೆ ಮಾರಾಟವಾಗಿವೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಜಾಹೀರಾತಿನಲ್ಲಿ ಕೇಳಿದ ಬೆಲೆ ಮಾರುವವನ ಆಸೆ ಮಾತ್ರ, ಹರಾಜಿನಲ್ಲಿ ಇತ್ಯರ್ಥವಾದ ಬೆಲೆಯನ್ನು ನಂಬಬಹುದು. ಆ ಮೊತ್ತದಿಂದ ಎಲ್ಲ ಖರ್ಚನ್ನೂ ಕಳೆದ ಮೇಲೆ ಉಳಿಯುವುದೇ ನೀವು ಕೊಡಬಹುದಾದ ಗರಿಷ್ಠ ಬೆಲೆ. ಅನೇಕ ಕಾರುಗಳ ವಿಷಯದಲ್ಲಿ ಅದು ಸೊನ್ನೆಗಿಂತ ಕೆಳಗಿರುತ್ತದೆ.

ಖರ್ಚಿನ ಪಟ್ಟಿ ಆರಂಭವಾಗುವುದು ಮಾದರಿಯ ಪರಿಚಯದಿಂದ. 1984ರ ಫೆರಾರಿ ಟೆಸ್ಟರೋಸಾ, ನಂತರದ 348 ಮತ್ತು 1994ರ ಎಫ್355, ಈ ಮೂರರಲ್ಲೂ ಟೈಮಿಂಗ್ ಬೆಲ್ಟ್ (ಪಿಸ್ಟನ್ನುಗಳ ಚಲನೆಗೆ ಹೊಂದುವಂತೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಪಟ್ಟಿ) ಬದಲಿಸಲು ಎಂಜಿನ್ನನ್ನೇ ಕಾರಿನಿಂದ ಇಳಿಸುವುದು ರೂಢಿ. 1999ರ 360 ಮಾದರಿಯಲ್ಲಾದರೆ ಸೀಟುಗಳ ಹಿಂದಿನ ಮುಚ್ಚಳ ತೆಗೆದು, ಎಂಜಿನ್ ಅಲ್ಲಿಯೇ ಇರುವಂತೆ ಅದೇ ಕೆಲಸ ಮಾಡಬಹುದು. ಒಂದೇ ಕಂಪನಿಯ, ಹತ್ತಿರ ಹತ್ತಿರದ ಕಾಲದ ಎರಡು ಕಾರುಗಳ ನಿರ್ವಹಣಾ ವೆಚ್ಚದಲ್ಲಿ ಇಷ್ಟೊಂದು ವ್ಯತ್ಯಾಸವಿರುವಾಗ, ‘ಬೆಲ್ಟ್ ಒಂದು ಬಾಕಿ ಇದೆ, ಅಷ್ಟೆ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಈ ಬೆಲ್ಟ್‌ಗಳು ಕಿಲೋಮೀಟರಿಗಿಂತ ಹೆಚ್ಚಾಗಿ ಕಾಲದಿಂದ ಹಳತಾಗುತ್ತವೆ. ನಿಂತಲ್ಲೇ ಇದ್ದ ಕಾರಿನ ಬೆಲ್ಟ್ ತುಂಡಾದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ನಿನ ತಲೆಭಾಗವೇ ಹಾಳಾಗುತ್ತದೆ. ಎಂಜಿನ್ ಹೊರಬಂದ ಮೇಲೆ ನೀರಿನ ಪಂಪು, ಹೋಸುಗಳು, ಆಯಿಲ್ ಸೀಲುಗಳನ್ನು ಹಾಗೆಯೇ ಬಿಡುವುದೂ ಜಾಣತನವಲ್ಲ, ಏಕೆಂದರೆ ಅವಕ್ಕಾಗಿ ಮತ್ತೊಮ್ಮೆ ಅದೇ ಕೂಲಿ ತೆರಬೇಕಾಗುತ್ತದೆ. ಇವಲ್ಲದೆ ಪ್ರತಿ ಮಾದರಿಗೂ ಅದರದೇ ಜಾಡ್ಯಗಳಿರುತ್ತವೆ: ಎಫ್355ರ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಗೊಯ್ಯುವ ಕೊಳವೆಗಳ ಜೋಡಣೆ) ಬಿರುಕು ಬಿಡುವುದು ಮತ್ತು ವಾಲ್ವ್ ಗೈಡುಗಳು ಬೇಗ ಸವೆಯುವುದು, 996 ಸರಣಿಯ ಪೋರ್ಷೆ 911ರ ಎಂಜಿನ್ನಿನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಕೈಕೊಡುವುದು ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಇವುಗಳನ್ನು ಸರಿಪಡಿಸಿದ ಬಿಲ್ಲು ಕಾರಿನ ದಾಖಲೆಗಳಲ್ಲಿ ಇಲ್ಲವೆಂದರೆ ಕೆಲಸ ಆಗಿಲ್ಲವೆಂದೇ ಭಾವಿಸಿ ಪಟ್ಟಿಗೆ ಸೇರಿಸಿಕೊಳ್ಳುವುದು ಕ್ಷೇಮ.

ನಿಂತ ಕಾರು ಓಡುವ ಕಾರಿಗಿಂತ ಬೇರೆ ರೀತಿಯಲ್ಲಿ ಕೆಡುತ್ತದೆ, ಮತ್ತು ಈ ಕೇಡು ಕಣ್ಣಿಗೆ ಕಾಣುವುದು ಕಡಿಮೆ. ಹಳೆಯ ಪೆಟ್ರೋಲ್ ಅಂಟಾಗಿ ಟ್ಯಾಂಕು, ಪೈಪು, ಇಂಜೆಕ್ಟರುಗಳಲ್ಲಿ ಕೂರುತ್ತದೆ. ಎಥನಾಲ್ ಬೆರೆತ ಪೆಟ್ರೋಲಾದರೆ ತೇವ ಹೀರಿಕೊಂಡು ಉಕ್ಕಿನ ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತದೆ. 1970 ಮತ್ತು 80ರ ದಶಕಗಳ ಅನೇಕ ಫೆರಾರಿ, ಪೋರ್ಷೆ ಕಾರುಗಳಲ್ಲಿರುವ ಬಾಷ್ ಕೆ-ಜೆಟ್ರಾನಿಕ್ ಎಂಬ ಇಂಧನ ಇಂಜೆಕ್ಷನ್ ವ್ಯವಸ್ಥೆ ಇದಕ್ಕೆ ವಿಶೇಷವಾಗಿ ಬಲಿಯಾಗುತ್ತದೆ, ಏಕೆಂದರೆ ಅದರ ಫ್ಯೂಯೆಲ್ ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ಪ್ಲಂಜರ್ ಕೂದಲೆಳೆಯಷ್ಟೂ ಸಂದಿಲ್ಲದ ಕೊಳವೆಯಲ್ಲಿ ಚಲಿಸಬೇಕು. ಏರ್ ಫಿಲ್ಟರ್ ತೆಗೆದು, ಒಳಬರುವ ಗಾಳಿಯನ್ನು ಅಳೆಯುವ ದುಂಡು ತಟ್ಟೆಯನ್ನು ಮೆಲ್ಲಗೆ ಸರಿಸಿ ನೋಡಿದರೆ ಅದು ಉದ್ದಕ್ಕೂ ಒಂದೇ ಬಿಗಿಯಲ್ಲಿ ಚಲಿಸಬೇಕು. ನಡುವೆ ಹಿಡಿದು ನಿಂತರೆ ಪ್ಲಂಜರ್ ಅಂಟಿಕೊಂಡಿದೆ ಎಂಬ ಶಂಕೆಗೆ ಎಡೆಯಿದೆ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರುವುದರಿಂದ ಕ್ಯಾಲಿಪರುಗಳ ಪಿಸ್ಟನ್ ಹಿಡಿದುಕೊಂಡಿರುತ್ತದೆ.

ಟೈರಿನ ಟ್ರೆಡ್ ಎಷ್ಟೇ ಆಳವಿದ್ದರೂ ಅದರ ವಯಸ್ಸು ನೋಡಬೇಕು. ಟೈರಿನ ಪಕ್ಕೆಯ ಮೇಲಿನ ಡಾಟ್ (DOT) ಸಂಕೇತದ ಕೊನೆಯಲ್ಲಿ 2309 ಎಂದಿದ್ದರೆ ಅದು 2009ರ 23ನೇ ವಾರದಲ್ಲಿ ತಯಾರಾದದ್ದು, ಎಂದರೆ ಎಸೆಯಬೇಕಾದದ್ದು. ಮೊದಲ ವರ್ಷಗಳ ಟೆಸ್ಟರೋಸಾದಲ್ಲಿರುವಂಥ, ಮಿಲಿಮೀಟರ್ ಅಳತೆಯ ಟಿಆರ್‌ಎಕ್ಸ್ ಚಕ್ರಗಳಿಗೆ ಸಾಮಾನ್ಯ ಇಂಚಿನ ಅಳತೆಯ ಟೈರುಗಳು ಕೂರುವುದಿಲ್ಲವಾದ್ದರಿಂದ ಅಲ್ಲಿ ಟೈರಿನ ಖರ್ಚು ಇನ್ನೂ ಮೇಲೇರುತ್ತದೆ. ನಿಮ್ಮ ಎದುರು ಚಾಲೂ ಮಾಡಿ ತೋರಿಸುತ್ತೇನೆಂದು ಮಾರುವವನು ಬ್ಯಾಟರಿ ಹೊತ್ತು ತಂದರೆ ನಯವಾಗಿ ಬೇಡವೆನ್ನಿ. ಒಣಗಿದ ಸಿಲಿಂಡರು ಮತ್ತು ಹಳೆಯ ಬೆಲ್ಟಿನೊಂದಿಗೆ ಎಂಜಿನ್ ತಿರುಗಿಸುವುದರಿಂದ ಆಗುವ ನಷ್ಟ ಆ ಸದ್ದು ಕೇಳುವ ಸಂತೋಷಕ್ಕಿಂತ ದೊಡ್ಡದು.

ಯಾಂತ್ರಿಕ ಭಾಗಗಳ ಬಗ್ಗೆ ಎಲ್ಲರೂ ಹೆದರುತ್ತಾರೆ, ಆದರೆ ಗಂಟು ಕರಗಿಸುವುದು ಹೆಚ್ಚಾಗಿ ಟಿಂಕರಿಂಗ್ ಮತ್ತು ಪೇಂಟಿಂಗ್. ಎಂಜಿನ್ನಿಗೆ ಬೇಕಾದ ಭಾಗಗಳ ಪಟ್ಟಿ ಒಂದಲ್ಲ ಒಂದು ಕಡೆ ಮುಗಿಯುತ್ತದೆ. ತುಕ್ಕಿನ ಆಳ ಎಷ್ಟೆಂಬುದು ಕತ್ತರಿಸಿ ನೋಡಿದಾಗ ಮಾತ್ರ ತಿಳಿಯುತ್ತದೆ. ಆಸ್ಟನ್ ಮಾರ್ಟಿನ್ ಡಿಬಿ5ರಲ್ಲಿ ತೆಳುವಾದ ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ಹೊದಿಕೆಯಿದೆ. ಎರಡು ಲೋಹಗಳು ತೇವದಲ್ಲಿ ಒಂದಕ್ಕೊಂದು ತಾಗಿದಲ್ಲಿ ವಿದ್ಯುತ್‌ರಾಸಾಯನಿಕ ಸವೆತ ಶುರುವಾಗುವುದರಿಂದ, ಹೊರಗಿನ ಬಣ್ಣದಲ್ಲಿ ಎದ್ದ ಸಣ್ಣ ಗುಳ್ಳೆ ಒಳಗೆ ಕೊಳವೆ ಹೋಗಿರುವ ಸೂಚನೆಯಾಗಿರಬಹುದು. 1977ಕ್ಕೆ ಮೊದಲಿನ ಫೆರಾರಿ 308 ಜಿಟಿಬಿಯ ಅಥವಾ ಲೋಟಸ್ ಎಸ್ಪ್ರಿಯ ಮೈ ಫೈಬರ್‌ಗ್ಲಾಸಿನದಾದ್ದರಿಂದ ಅದಕ್ಕೆ ತುಕ್ಕಿನ ಭಯವಿಲ್ಲ, ಆದರೆ ಅಡಿಯ ಉಕ್ಕಿನ ಚಾಸಿಯನ್ನು ಮಲಗಿ ನೋಡಲೇಬೇಕು. ಬಣ್ಣದ ದಪ್ಪ ಅಳೆಯುವ ಮೀಟರನ್ನು ಉಕ್ಕಿನ ಪ್ಯಾನಲುಗಳ ಮೇಲಿಟ್ಟು ನೋಡಿದಾಗ ಪ್ಯಾನಲಿನಿಂದ ಪ್ಯಾನಲಿಗೆ ಅಂಕಿ ಜಿಗಿದರೆ ಮತ್ತೆ ಬಣ್ಣ ಬಳಿದಿದ್ದಾರೆಂದೂ, ಸಾವಿರ ಮೈಕ್ರಾನ್ ದಾಟಿದರೆ ಅಡಿಯಲ್ಲಿ ಪುಟ್ಟಿ ತುಂಬಿದ್ದಾರೆಂದೂ ತಿಳಿಯಬಹುದು.

ಒಳಾಂಗಣದ ಹರಿದ ಚರ್ಮ, ಅಂಟಂಟಾದ ಬಟನ್ನುಗಳು ನೋಡಲು ಅಸಹ್ಯವಾದರೂ ಸರಿಪಡಿಸಬಲ್ಲಂಥವು. ಇವನ್ನು ತೋರಿಸಿ ಚೌಕಾಸಿ ಮಾಡಬಹುದು. ಇಲ್ಲದಿರುವ ಭಾಗದ ವಿಷಯ ಹಾಗಲ್ಲ. ಸಣ್ಣ ಸಂಖ್ಯೆಯಲ್ಲಿ ತಯಾರಾದ ಕಾರಿನ ಒಂದು ಹಿಂದೀಪ, ಒಂದು ಗಾಜು ಅಥವಾ ಎಂಜಿನ್ ಕಂಪ್ಯೂಟರ್ ಕಾಣೆಯಾಗಿದ್ದರೆ, ಹಣವಿದ್ದರೂ ಸಿಗದೆ ಇಡೀ ಕೆಲಸ ವರ್ಷಗಟ್ಟಲೆ ನಿಲ್ಲುತ್ತದೆ. ಎಂಜಿನ್ ಕೆಟ್ಟ ಪೂರ್ಣ ಕಾರು ಮತ್ತು ಯಾರೋ ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟ ‘ಎಲ್ಲ ಭಾಗವೂ ಇದೆ’ ಎನ್ನುವ ಕಾರು, ಇವೆರಡರಲ್ಲಿ ನನ್ನ ಆಯ್ಕೆ ಯಾವಾಗಲೂ ಮೊದಲನೆಯದೇ.

ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಕಾಗದಪತ್ರಗಳೊಂದಿಗೂ ಕಾರ್ಖಾನೆಯ ದಾಖಲೆಯೊಂದಿಗೂ ತಾಳೆಯಾಗದಿದ್ದರೆ, ಕೊನೆಗೆ ಸಿಗುವ ಬೆಲೆಯೇ ಕುಸಿಯುತ್ತದೆ. ಮಾಲೀಕತ್ವದ ಪತ್ರವೇ ಇಲ್ಲದ ಕಾರಿನ ಸುದ್ದಿಗೆ ಹೋಗಬೇಡಿ.

ಇಷ್ಟನ್ನು ನೋಡಿಕೊಂಡ ಮೇಲೆ, ಆ ಮಾದರಿಯನ್ನೇ ರಿಪೇರಿ ಮಾಡುವ ತಜ್ಞರಿಗೆ ಶುಲ್ಕ ಕೊಟ್ಟು, ಎಂಜಿನ್ ತಿರುಗಿಸಲು ಸುರಕ್ಷಿತವೆಂದು ಅವರಿಗೆ ಅನ್ನಿಸಿದ ಮೇಲೆ ಸಿಲಿಂಡರುಗಳ ಒತ್ತಡ ಮತ್ತು ಸೋರಿಕೆ ಅಳೆಯುವ ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆ ಮಾಡಿಸಿ, ಅಂದಾಜನ್ನು ಬರಹದಲ್ಲಿ ಪಡೆಯಬೇಕು. ಕೇವಲ ಉದಾಹರಣೆಗಾಗಿ, ಸುಸ್ಥಿತಿಯ ಕಾರಿನ ಬೆಲೆಯನ್ನು 100 ಎಂದು ಇಟ್ಟುಕೊಳ್ಳೋಣ. ಮಾರುವವನು ಕೇಳುತ್ತಿರುವುದು 35. ಸಾಗಣೆ ಮತ್ತು ತಪಾಸಣೆಗೆ 3, ಎಂಜಿನ್ ಮತ್ತು ಕ್ಲಚ್ಚಿಗೆ 18, ಇಂಧನ ವ್ಯವಸ್ಥೆ, ಬ್ರೇಕು, ಟೈರುಗಳಿಗೆ 12, ಮೈ ಮತ್ತು ಬಣ್ಣಕ್ಕೆ 22, ಒಳಾಂಗಣ ಮತ್ತು ವೈರಿಂಗಿಗೆ 8 ಎಂದಾದರೆ ಒಟ್ಟು 98. ಲಾಭವಿಲ್ಲದಿದ್ದರೂ ನಷ್ಟವಿಲ್ಲವೆಂದು ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 60ರಷ್ಟು ಕೆಲಸದ ಮೇಲೆ ಕಾಲು ಭಾಗವಾದರೂ ಅನಿರೀಕ್ಷಿತಕ್ಕೆಂದು ತೆಗೆದಿಟ್ಟರೆ ಮತ್ತೆ 15 ಸೇರಿ 113 ಆಗುತ್ತದೆ. ಕಾರು ನಿಲ್ಲಿಸುವ ಜಾಗದ ಬಾಡಿಗೆ, ವಿಮೆ, ಅಷ್ಟು ಕಾಲ ಕಟ್ಟಿಹಾಕಿದ ಹಣದ ಬಡ್ಡಿ ಇದರಲ್ಲಿ ಇನ್ನೂ ಬಂದಿಲ್ಲ. ಈ ಕಾರಿಗೆ ಕೊಡಬಹುದಾದದ್ದು 35 ಅಲ್ಲ, ಹೆಚ್ಚೆಂದರೆ 22. ಕೆಲಸವನ್ನು ನೀವೇ ಮಾಡಬಲ್ಲಿರಾದರೆ ಕೂಲಿ ಉಳಿಯುತ್ತದೆ, ಆದರೆ ಪೂರ್ಣ ಪುನರುಜ್ಜೀವನಕ್ಕೆ ಸಾವಿರ ಗಂಟೆಗಳು ಹಿಡಿಯುವುದು ಅಪರೂಪವಲ್ಲ ಎಂಬುದನ್ನು ಗಮನದಲ್ಲಿಡಬೇಕು.

ಕಾರಿನ ಮೇಲಿನ ಪ್ರೀತಿಗಾಗಿ 10 ಅಥವಾ 15 ಹೆಚ್ಚು ಕೊಡುವುದು ತಪ್ಪೇನಲ್ಲ, ಹವ್ಯಾಸಕ್ಕೆ ಖರ್ಚಾಗುವುದು ಸಹಜ. ಆದರೆ ಆ ಹೆಚ್ಚಳವನ್ನು ಹೂಡಿಕೆ ಎಂದು ಕರೆಯದೆ ಪ್ರತ್ಯೇಕ ಸಾಲಿನಲ್ಲಿ ಬರೆದುಕೊಳ್ಳಿ. ತಜ್ಞರ ಅಂದಾಜು ಕೈಸೇರಿದ ಮೇಲೆಯೇ ಮುಂಗಡದ ಮಾತಾಡಿ, ಮಾರುವವನಿಗೆ ಆ ಅಂದಾಜಿನ ಪ್ರತಿಯನ್ನೇ ತೋರಿಸಿ ನಿಮ್ಮ ಬೆಲೆ ಹೇಳಿ, ಅದಕ್ಕೆ ಒಪ್ಪದಿದ್ದರೆ ದೂರವಾಣಿ ಸಂಖ್ಯೆ ಕೊಟ್ಟು ಹೊರಟುಬಿಡಿ. ಕೊಳ್ಳುವವರು ವಿರಳವಾಗಿರುವ ಇಂಥ ಕಾರುಗಳ ಮಾಲೀಕರು ಕೆಲವು ತಿಂಗಳ ನಂತರ ತಾವಾಗಿಯೇ ಕರೆ ಮಾಡುವುದುಂಟು.