ಪ್ಲೇಟಿನ ಸರಸರ ಸದ್ದು ಇರಲಿ: ಹಳೇ ಜರ್ಮನ್ ಹಾಡುಗಳನ್ನು ಕೇಳುವ ಬಗೆ

ಜರ್ಮನ್ ಲೀಡ್ ಹಾಡುಗಳ ಹಳೇ ಧ್ವನಿಮುದ್ರಣ ಕೇಳಲು ಹೊರಟವರಿಗೆ ನಾನು ಮೊದಲು ಹೇಳುವುದು ಇದು: ಹಳೇ ಗ್ರಾಮಫೋನ್ ಪ್ಲೇಟಿನಿಂದ ಮಾಡಿದ ಪ್ರತಿಗಳಲ್ಲಿ ಎಲ್ಲಕ್ಕಿಂತ ಶುಭ್ರವಾಗಿ ಕೇಳಿಸುವುದನ್ನು ಆರಿಸಬೇಡಿ. ಹಿಂದೆ ಸ್ವಲ್ಪ ಸರಸರ ಸದ್ದು ಉಳಿದಿರುವುದನ್ನು ಆರಿಸಿ.

ನಾನು ಮೈಸೂರಿನ ಕುವೆಂಪುನಗರದಲ್ಲಿ ಭಾವಗೀತೆ ಕಲಿಸುತ್ತೇನೆ. ಲೀಡ್ ಅಂದರೆ ಹೆಚ್ಚುಕಡಿಮೆ ಅವರ ಭಾವಗೀತೆ. ಕವಿತೆ ಮೊದಲು, ಸಂಗೀತ ಆಮೇಲೆ. ಸಾಮಾನ್ಯವಾಗಿ ಒಂದು ದನಿ, ಒಂದು ಪಿಯಾನೊ, ಅಷ್ಟೇ. 31 ವರ್ಷ ಬದುಕಿದ್ದ ಶೂಬರ್ಟ್ 600ಕ್ಕೂ ಜಾಸ್ತಿ ಹಾಡು ಮಾಡಿಟ್ಟು 1828ರಲ್ಲಿ ತೀರಿಕೊಂಡರು. ಆಮೇಲೆ ಶೂಮನ್, ಬ್ರಾಮ್ಸ್, ಹ್ಯೂಗೊ ವೋಲ್ಫ್. ಇವರೆಲ್ಲ ಗಯಟೆ, ಹೈನೆಯಂಥ ಕವಿಗಳ ಸಾಲುಗಳನ್ನು ಎದುರಿಗಿಟ್ಟುಕೊಂಡು ಸಂಗೀತ ಬರೆದವರು. ಸಾಹಿತ್ಯ ನುಂಗಿ ಹಾಡಿದರೆ ನಾವು ಭಾವಗೀತೆಯನ್ನು ಒಪ್ಪುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಮಾತು ಹೋದರೆ ಹಾಡೇ ಹೋಯಿತು.

ತೊಂದರೆ ಇರುವುದೂ ಅಲ್ಲೇ. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ಪ್ಲೇಟು ಅರಗಿನಿಂದ ಮಾಡಿದ್ದು. ಚನ್ನಪಟ್ಟಣದ ಬೊಂಬೆಗೆ ಹಚ್ಚುತ್ತಾರಲ್ಲ, ಅದೇ ಅರಗು. ಲೋಕದ ಪ್ಲೇಟುಗಳಿಗೆ ಬೇಕಾದ ಅರಗು ಬಹುಪಾಲು ನಮ್ಮ ದೇಶದಿಂದಲೇ ಹೋಗುತ್ತಿತ್ತು. ಅದಕ್ಕೆ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಮುಳ್ಳು ಆ ಪುಡಿಯ ಮೇಲೆ ಓಡುವಾಗ ಏಳುವುದೇ ಸರಸರ ಸದ್ದು. ಅದು ಚೂಪಾಗಿ ಕೇಳುವುದು ಮೇಲಿನ ಕಂಪನಗಳಲ್ಲಿ. ಜರ್ಮನ್ ಭಾಷೆಯ ಸ್, ಶ್, ತ್ಸ್ ಸದ್ದುಗಳೂ ಅಲ್ಲೇ ಇರುತ್ತವೆ. ಹಾಗಾಗಿ ಕಂಪ್ಯೂಟರಿನಲ್ಲಿ ಸದ್ದನ್ನು ಪೂರ್ತಿ ಒರೆಸಲು ಹೋದರೆ ಕವಿತೆಯ ಅಂಚೂ ಒರೆಸಿಹೋಗುತ್ತದೆ. ಟಿಕ್ ಟಿಕ್ ಅನ್ನುವ ಗೀರು ಬೇರೆ. ಅದು ಕ್ಷಣದ ಸದ್ದು, ಅದನ್ನು ಜಾಣತನದಿಂದ ತೆಗೆದರೆ ಹಾಡಿಗೆ ಏನೂ ಆಗುವುದಿಲ್ಲ. ಒಳ್ಳೆಯ ತಂತ್ರಜ್ಞರು ಗೀರು ತೆಗೆಯುತ್ತಾರೆ, ಸರಸರವನ್ನು ಸ್ವಲ್ಪ ಬಿಡುತ್ತಾರೆ.

ಪರೀಕ್ಷೆ ಮಾಡಲು ಒಂದೇ ಹಾಡು ಸಾಕು. ಶೂಬರ್ಟ್ 1827ರಲ್ಲಿ ಬರೆದ 'ವಿಂಟರ್‌ರೈಸ' ಹಾಡುಸರಣಿಯಲ್ಲಿ 24 ಹಾಡು. ಕವಿ ವಿಲ್‌ಹೆಲ್ಮ್ ಮ್ಯುಲರ್. ಕೊನೆಯ ಹಾಡು 'ಡೇರ್ ಲೈಯರ್‌ಮನ್'. ಊರಾಚೆ ಒಬ್ಬ ಮುದುಕ, ಬರಿಗಾಲಲ್ಲಿ ಹಿಮದ ಮೇಲೆ ನಿಂತು ಕೈಯಿಂದ ತಿರುಗಿಸುವ ತಂತಿವಾದ್ಯ ನುಡಿಸುತ್ತಿದ್ದಾನೆ. ತಟ್ಟೆಯಲ್ಲಿ ಕಾಸಿಲ್ಲ. ಯಾರೂ ಕೇಳುವುದಿಲ್ಲ, ನಾಯಿಗಳು ಗುರುಗುಡುತ್ತವೆ. ಅವನ ಬೆರಳು ಮರಗಟ್ಟಿವೆ: 'ಮಿಟ್ ಶ್ಟಾರೆನ್ ಫಿಂಗರ್ನ್'. ಈ 'ಶ್ಟಾ' ಅನ್ನುವಲ್ಲಿ ಕಿವಿ ಇಡಿ. ಅಲ್ಲಿ ಚಳಿ ಕೇಳಬೇಕು. ಕಂಬಳಿ ಮುಚ್ಚಿದ ಹಾಗೆ 'ತಾ' ಅಂತಷ್ಟೇ ಕೇಳಿದರೆ ಆ ಪ್ರತಿ ಬಿಟ್ಟುಬಿಡಿ, ಬೇರೆ ಹುಡುಕಿ.

ಆಮೇಲೆ ಪಿಯಾನೊ. ಎಡಗೈ ಹಾಡಿನುದ್ದಕ್ಕೂ ಬರೀ ಸ-ಪ ಒತ್ತುತ್ತಾ ಹೋಗುತ್ತದೆ, ಆ ಬಡ ವಾದ್ಯದ ಶ್ರುತಿ ಅದು. ಗಾಯಕ ಸುಮ್ಮನಾದಾಗ ಬಲಗೈ ಒಂದು ಸಣ್ಣ ತುಣುಕು ನುಡಿಸುತ್ತದೆ. ಆ ತುಣುಕು ಮುಗಿದ ಮೇಲೆ ಸ್ವರ ತಾನಾಗಿ ಕರಗುತ್ತದೋ, ಕತ್ತರಿಸಿದ ಹಾಗೆ ನಿಲ್ಲುತ್ತದೋ ನೋಡಿ. ಇನ್ನೊಂದು ಗುರುತು: ದನಿ ಬಂದಾಗ ಸರಸರ ಏರಿ, ದನಿ ನಿಂತಾಗ ಇಳಿಯುತ್ತಿದ್ದರೆ ಯಂತ್ರ ಅತಿಯಾಗಿ ಕೈಯಾಡಿಸಿದೆ ಎಂದೇ ಅರ್ಥ. ಒಂದೇ ಸಮ ಇರುವ ಸರಸರ ಸ್ವಲ್ಪ ಹೊತ್ತಿಗೆ ಕಿವಿಯಿಂದ ಹೊರಟುಹೋಗುತ್ತದೆ. ಏರಿಳಿಯುವುದು ಹೋಗುವುದೇ ಇಲ್ಲ.

ಶ್ರುತಿ ಹಿಡಿಯುವ ಅಭ್ಯಾಸ ಇರುವ ನಮಗೆ ಇನ್ನೊಂದು ಅನುಕೂಲ ಇದೆ. 78 ಅನ್ನುವುದು ಹೆಸರಿಗೆ ಮಾತ್ರ. ಎಷ್ಟೋ ಪ್ಲೇಟುಗಳನ್ನು ಅದಕ್ಕಿಂತ ಹೆಚ್ಚು ಕಡಿಮೆ ವೇಗದಲ್ಲಿ ಮುದ್ರಿಸಿದ್ದಾರೆ. ವೇಗ ಶೇಕಡ 6ರಷ್ಟು ತಪ್ಪಿದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆಯಷ್ಟು ಆಚೀಚೆ ಆಗುತ್ತದೆ, ದನಿಯ ಬಣ್ಣವೂ ಬದಲಾಗುತ್ತದೆ. ಮುದುಕರ ದನಿ ಹುಡುಗರ ದನಿಯಾಗಿಬಿಡುತ್ತದೆ! ಮೊಬೈಲಿನ ಶ್ರುತಿಪೆಟ್ಟಿಗೆ ಆ್ಯಪ್ ಹಾಕಿ ಆ ಸ-ಪಕ್ಕೆ ಕೂಡಿಸಿ. ಹಾಡಿನ ಮೊದಲಿಗೆ ಕೂಡಿದ್ದು ಕೊನೆಗೆ ಜಾರಿದ್ದರೆ ಪ್ರತಿ ಮಾಡಿದವರು ವೇಗ ಸರಿಯಾಗಿ ನೋಡಿಲ್ಲ. ಈ ಕೆಲಸ ಶ್ರದ್ಧೆಯಿಂದ ಮಾಡುವವರಲ್ಲಿ ವಾರ್ಡ್ ಮಾರ್ಸ್‌ಟನ್, ಮಾರ್ಕ್ ಓಬರ್ಟ್-ಥಾರ್ನ್ ಇಬ್ಬರನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ. ಆಲ್ಬಂ ವಿವರದಲ್ಲಿ ಗಾಯಕರ ಹೆಸರಿನ ಜೊತೆಗೆ ಇಂಥವರ ಹೆಸರನ್ನೂ ಹುಡುಕಿ. ಯಾವ ಹೆಸರೂ ಇಲ್ಲದಿದ್ದರೆ ನನಗೆ ಅನುಮಾನ.

ಈಗ ಕೇಳಿ. ಒಂದೇ ಲೈಯರ್‌ಮನ್, ಮೂರು ದನಿ. ಮೊದಲು ಜಾರ್ಜ್ ಹೆನ್ಶೆಲ್, 1928. ಬ್ರಾಮ್ಸ್ ಅವರ ಗೆಳೆಯರು, ಆಗ ಅವರಿಗೆ 78 ವರ್ಷದ ಆಸುಪಾಸು. ತಾವೇ ಪಿಯಾನೊ ನುಡಿಸಿಕೊಂಡು ಹಾಡಿದ್ದಾರೆ. ದನಿ ಒಣಗಿದೆ, ಆದರೆ ಒಂದು ಅಕ್ಷರವೂ ಕಳೆದಿಲ್ಲ. ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಆಮೇಲೆ ಗೆರ್‌ಹಾರ್ಟ್ ಹ್ಯುಶ್, 1933: ನೇರ, ಶುದ್ಧ, ಅಳು ಇಲ್ಲ. ಮೂರನೆಯದು ಲೊಟೆ ಲೇಮನ್, 1940–41ರ ಮುದ್ರಣ. ಗಂಡಸಿನ ಪಾತ್ರದ ಈ ಸರಣಿಯನ್ನು ಹೆಂಗಸು ಹಾಡಿದ್ದು. ಕೊನೆಯ ಪ್ರಶ್ನೆಯನ್ನು, 'ವಿಚಿತ್ರ ಮುದುಕನೇ, ನಿನ್ನ ಜೊತೆ ಬರಲೇ?' ಅನ್ನುವುದನ್ನು, ಅವರು ನಿಜವಾಗಿ ಕೇಳುತ್ತಾರೆ.

ಮೊದಲ ಸಲ ಕವಿತೆಯ ಅರ್ಥ ಓದಿಕೊಂಡು ಕೇಳಿ. ಎರಡನೇ ಸಲ ಕಾಗದ ಬೇಡ. ಫ್ಯಾನ್ ನಿಲ್ಲಿಸಿ, ಫ್ಯಾನಿನ ಸದ್ದಿನಲ್ಲಿ ಸ್, ಶ್ ಎಲ್ಲ ಮುಳುಗುತ್ತವೆ. ಬಾಸ್ ಹೆಚ್ಚಿಸುವ ಗುಂಡಿ ಮುಟ್ಟಬೇಡಿ. ಇವು ಮೋನೊ ಮುದ್ರಣ, ಎಡ-ಬಲ ಅಂತ ಬೇರೆ ಬೇರೆ ಧ್ವನಿ ಇಲ್ಲ, ಹಾಗಾಗಿ ಎದುರಿಗೆ ಮೇಜಿನ ಮೇಲೆ ಒಂದು ಸ್ಪೀಕರ್ ಇಟ್ಟರೆ ಸಾಕು.

1925ಕ್ಕಿಂತ ಹಿಂದಿನ ಮುದ್ರಣಗಳಿಗೆ ಅಳತೆ ಬೇರೆ. ಆಗ ಮುದ್ರಣಕ್ಕೆ ಮೈಕ್ ಬಳಸುತ್ತಿರಲಿಲ್ಲ, ದೊಡ್ಡ ಕೊಳವೆಯ ಬಾಯಿಗೆ ಹಾಡುತ್ತಿದ್ದರು. ಸ್, ಶ್ ಸದ್ದುಗಳು ಪ್ಲೇಟಿನ ಮೇಲೆ ಸರಿಯಾಗಿ ಬೀಳುತ್ತಲೇ ಇರಲಿಲ್ಲ. ಅದು ತಂತ್ರಜ್ಞರ ತಪ್ಪಲ್ಲ. ಎಲೆನಾ ಗೆರ್‌ಹಾರ್ಟ್ 1907 ಮತ್ತು 1911ರಲ್ಲಿ ಹಾಡಿದ ಪ್ಲೇಟುಗಳಲ್ಲಿ ಪಿಯಾನೊ ನುಡಿಸಿದವರು ಆರ್ಕೆಸ್ಟ್ರಾ ನಡೆಸುವ ದೊಡ್ಡ ಕಂಡಕ್ಟರ್ ಆರ್ಥರ್ ನಿಕಿಶ್. ಅಲ್ಲಿ ಮಾತಿಗಿಂತ ಸ್ವರದಿಂದ ಸ್ವರಕ್ಕೆ ಹೋಗುವ ಜಾರು ಕೇಳಿ. ಇವತ್ತಿನ ಲೀಡ್ ಗಾಯಕರು ಅಷ್ಟು ಜಾರಿಸುವುದಿಲ್ಲ. ನನ್ನ ಪುಟ್ಟ ಶಿಷ್ಯೆಯೊಬ್ಬಳು, "ಮಿಸ್, ಇವರು ನಮ್ಮ ಥರಾನೇ ಜಾರಿಸ್ತಾರೆ" ಅಂದಳು. ಸರಿಯಾಗಿಯೇ ಹಿಡಿದಿದ್ದಳು.

ಮೈಸೂರಿನವರು ಬಿಡಲೇಬಾರದ ಮುದ್ರಣ ಇನ್ನೊಂದಿದೆ. ರಿಚರ್ಡ್ ಸ್ಟ್ರಾಸ್ 1948ರಲ್ಲಿ ಬರೆದ 'ನಾಲ್ಕು ಕೊನೆಯ ಹಾಡುಗಳು'. ಪಿಯಾನೊ ಬದಲು ಪೂರ್ತಿ ಆರ್ಕೆಸ್ಟ್ರಾ. ಅದರ ಮೊದಲ ಕಛೇರಿ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಡ್, ಆರ್ಕೆಸ್ಟ್ರಾ ನಡೆಸಿದವರು ಫುರ್ಟ್‌ವೆಂಗ್ಲರ್. ಅದರ ಖರ್ಚಿಗೆ ಭರವಸೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್! ಕಛೇರಿಯನ್ನು ಮುದ್ರಿಸಿ ತಮ್ಮ ಸಂಗ್ರಹಕ್ಕೆ ಮೈಸೂರಿಗೆ ತರಿಸಿಕೊಂಡರು. ಸ್ಟ್ರಾಸ್ ಅದಕ್ಕೆ ಮುಂಚೆಯೇ, 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು.

ಈಗ ಸಿಗುವ ಆ ಮುದ್ರಣದ ಧ್ವನಿ ತುಂಬಾ ಸವೆದಿದೆ. ಗೀರು, ಸರಸರ ಜೋರಾಗಿದೆ, ಆರ್ಕೆಸ್ಟ್ರಾ ದೂರದಲ್ಲಿದೆ. ಹಾಗಾಗಿ ಇದನ್ನು ಮೊದಲೇ ಕೇಳಬೇಡಿ. ಲೈಯರ್‌ಮನ್‌ನಲ್ಲಿ ಕಿವಿ ಪಳಗಲಿ. ನಂತರ ಇದೇ ಹಾಡುಗಳ ಸ್ಟೀರಿಯೊ ಮುದ್ರಣ ಯಾವುದಾದರೂ ಒಂದನ್ನು ಕೇಳಿ ಸ್ವರ ಗೊತ್ತು ಮಾಡಿಕೊಳ್ಳಿ. ಆಗ ಫ್ಲಾಗ್‌ಸ್ಟಡ್ ಹತ್ತಿರ ಬನ್ನಿ. ಒಂದು ಎಚ್ಚರಿಕೆ: ಆ ಸಂಜೆ ಹಾಡಿದ ಕ್ರಮ ಇವತ್ತಿನದಲ್ಲ. ಮೊದಲು 'ಮಲಗುವ ಹೊತ್ತು', ಆಮೇಲೆ 'ಸೆಪ್ಟೆಂಬರ್', 'ವಸಂತ', ಕೊನೆಗೆ 'ಸಂಜೆಗೆಂಪು'. ಮೊದಲ ಮೂರು ಹೆಸ್ಸೆ ಅವರ ಕವಿತೆ, ಕೊನೆಯದು ಐಶೆನ್‌ಡೋರ್ಫ್ ಅವರದು. ಅನುವಾದವನ್ನು ಆ ಕ್ರಮದಲ್ಲೇ ಜೋಡಿಸಿಟ್ಟುಕೊಂಡು ಕೂತುಕೊಳ್ಳಿ.