ಅತಿಥಿ ನೌಕೆ ದಕ್ಕೆಗೆ ತಾಗುವ ಮುನ್ನ

ಕೊಚ್ಚಿಯ ನೌಕಾನೆಲೆಯಲ್ಲಿದ್ದ ವರ್ಷಗಳಲ್ಲಿ ವಿದೇಶಿ ನೌಕೆಗಳನ್ನು ಬರಮಾಡಿಕೊಳ್ಳುವ ಹೊಣೆ ಹಲವು ಸಲ ನನ್ನ ಪಾಲಿಗೆ ಬಂತು. ಕಾಗದದ ಮೇಲೆ ಸಂಪರ್ಕಾಧಿಕಾರಿ. ಕೆಲಸದಲ್ಲಿ, ಹಡಗು ಬರುವ ಎರಡು ವಾರ ಮೊದಲಿನಿಂದ ಅದು ಮತ್ತೆ ಕಡಲು ಸೇರುವವರೆಗೆ ಅದರ ಬೇಕು ಬೇಡಗಳನ್ನೆಲ್ಲ ಕೇಳಿ ಪೂರೈಸುವವನು. ಕಾರವಾರದ ನಮ್ಮ ಮನೆಯಲ್ಲಿ ನೆಂಟರು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಅಮ್ಮ ಜಗಲಿಯ ಮೇಲೆ ತಂಬಿಗೆ ನೀರು ಇಟ್ಟಾಗಿರುತ್ತಿತ್ತು. ಅವರು ಕೇಳಿದ ಮೇಲೆ ತಂದುಕೊಟ್ಟರೆ ಅದು ಉಪಚಾರವಲ್ಲ ಎನ್ನುತ್ತಿದ್ದರು. ನನ್ನ ಕೆಲಸವನ್ನೂ ನಾನು ಹಾಗೆಯೇ ಅರ್ಥಮಾಡಿಕೊಂಡಿದ್ದೆ.

ಹೊಸಬರಿಗೆ ಮೊದಲು ಹೇಳಿಕೊಡುತ್ತಿದ್ದ ಪಾಠವೊಂದಿದೆ. ಯುದ್ಧನೌಕೆಯೆಂದರೆ ಇನ್ನೊಂದು ದೇಶದ ಸಾರ್ವಭೌಮತ್ವವೇ ತೇಲಿಕೊಂಡು ಬಂದಂತೆ. ವ್ಯಾಪಾರಿ ಹಡಗು ಬಂದಾಗ ಕಸ್ಟಮ್ಸ್ ಅಧಿಕಾರಿ ಹತ್ತಿ ತಪಾಸಣೆ ಮಾಡಬಹುದು. ಯುದ್ಧನೌಕೆಗೆ ಅದರ ಕಮಾಂಡಿಂಗ್ ಅಧಿಕಾರಿಯ ಒಪ್ಪಿಗೆಯಿಲ್ಲದೆ ಯಾರೂ ಕಾಲಿಡುವಂತಿಲ್ಲ. ವಾಣಿಜ್ಯಕ್ಕಲ್ಲದ ಸೇವೆಯಲ್ಲಿರುವ ಸರ್ಕಾರಿ ಹಡಗುಗಳಿಗೂ, ಅಂದರೆ ಕರಾವಳಿ ರಕ್ಷಣಾ ಪಡೆಯ ಗಸ್ತು ನೌಕೆಗಳಂಥವಕ್ಕೂ, ಈ ವಿನಾಯಿತಿ ಇದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಒಳಗೆ ಏನಿದೆ, ಏನಿಲ್ಲ ಎಂದು ನಾವೇ ಹೋಗಿ ನೋಡಿಕೊಳ್ಳುವ ಮಾತಿಲ್ಲ. ಅವರು ಹೇಳಿದಷ್ಟು ನಮಗೆ ಗೊತ್ತು. ಕೇಳಬೇಕಾದ್ದನ್ನು ಸರಿಯಾಗಿ, ಮೊದಲೇ ಕೇಳುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ರಾಯಭಾರ ಕಚೇರಿಯ ಪತ್ರ, ವಿದೇಶಾಂಗ ಸಚಿವಾಲಯದ ಅನುಮತಿ, ನೌಕಾ ಪ್ರಧಾನ ಕಚೇರಿಯ ಆದೇಶ ಇವೆಲ್ಲ ದೆಹಲಿಯಲ್ಲಿ ಮುಗಿಯುತ್ತವೆ. ನಮ್ಮ ಮೇಜಿಗೆ ಬರುವುದು ಹಡಗು ಕಳುಹಿಸುವ ಅಗತ್ಯಗಳ ಪಟ್ಟಿ. ನೌಕಾಪಡೆಯಲ್ಲಿ ಅದಕ್ಕೆ ಲಾಗ್‌ರೆಕ್ ಎನ್ನುತ್ತೇವೆ. ಎಷ್ಟು ಟನ್ ಕುಡಿಯುವ ನೀರು, ಎಷ್ಟು ಇಂಧನ, ಕಸದ ತೊಟ್ಟಿ ಎಷ್ಟು, ಬಸ್ಸುಗಳೆಷ್ಟು, ಹಲಾಲ್ ಮಾಂಸ ಬೇಕೇ, ಎಲ್ಲವೂ ಅದರಲ್ಲಿರುತ್ತದೆ. ನಾನು ಮಾತ್ರ ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಹುಡುಕುತ್ತಿದ್ದೆ. ಉದಾಹರಣೆಗೆ ವಿದ್ಯುತ್ತು. ನಮ್ಮ ಊರಿನ ಕರೆಂಟು 50 ಹರ್ಟ್ಸ್. ಪಾಶ್ಚಾತ್ಯ ಮಾದರಿಯ ಬಹಳಷ್ಟು ಯುದ್ಧನೌಕೆಗಳಿಗೆ ಬೇಕಾದದ್ದು 440 ವೋಲ್ಟ್, 60 ಹರ್ಟ್ಸ್. ದಕ್ಕೆಯಲ್ಲಿ ಸರಿಯಾದ ಪರಿವರ್ತಕ ಇಲ್ಲದಿದ್ದರೆ ಅವರು ತಮ್ಮ ಜನರೇಟರುಗಳನ್ನೇ ಓಡಿಸಿಕೊಂಡಿರಬೇಕು. ಆಗ ಎಂಜಿನ್ ವಿಭಾಗದ ಹುಡುಗರಲ್ಲಿ ಒಂದಿಷ್ಟು ಮಂದಿ ಊರು ನೋಡಲು ಹೋಗದೆ ಕೆಳಗೆ ಸೆಕೆಯಲ್ಲಿ ಪಹರೆ ಕಾಯಬೇಕು. ತಿಂಗಳುಗಟ್ಟಲೆ ನೀರಿನ ಮೇಲಿದ್ದವನಿಗೆ ಒಂದು ಮಧ್ಯಾಹ್ನದ ರಜೆ ಎಷ್ಟು ದೊಡ್ಡದೆಂದು ಕಡಲಲ್ಲಿ ದುಡಿದವರಿಗೆ ಗೊತ್ತು. ಆ ಒಂದು ಸಾಲಿಗಾಗಿ ನಾನು ಮೂರು ಬಾರಿ ಸಂದೇಶ ಕಳುಹಿಸಿದ್ದೂ ಇದೆ.

ಉಬ್ಬರ ಇಳಿತದ ಲೆಕ್ಕವೂ ಹಾಗೆಯೇ. ಕೊಚ್ಚಿಯಲ್ಲಿ ಅಂತರ ಒಂದು ಮೀಟರಿನ ಆಸುಪಾಸು. ಮುಂಬಯಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನಾಲ್ಕು ಮೀಟರ್ ದಾಟುತ್ತದೆ. ದಕ್ಕೆಯಿಂದ ಹಡಗಿಗೆ ಹತ್ತಲು ಇಟ್ಟ ಹಲಗೆ ಬೆಳಿಗ್ಗೆ ಸಪಾಟಾಗಿದ್ದರೆ ಮಧ್ಯಾಹ್ನ ಏಣಿಯಂತೆ ನಿಂತಿರುತ್ತದೆ. ಸಂಜೆಯ ಔತಣಕ್ಕೆ ಸೀರೆಯುಟ್ಟು ಬರುವ ಹಿರಿಯರು ಅದನ್ನೇ ಹತ್ತಬೇಕು. ಆಹ್ವಾನ ಪತ್ರಿಕೆಯಲ್ಲಿ ಸಮಯ ಅಚ್ಚಾಗುವ ಮೊದಲು ನಾನು ಉಬ್ಬರದ ಕೋಷ್ಟಕ ತೆರೆದು ನೋಡುತ್ತಿದ್ದೆ.

ಇಷ್ಟು ಜಾಗ್ರತೆಯ ನಡುವೆಯೂ ಒಮ್ಮೆ ತಪ್ಪಿದೆ. ಪೂರ್ವ ಏಷ್ಯಾದ ಒಂದು ತರಬೇತಿ ನೌಕೆ ದೀರ್ಘ ಪಯಣ ಮುಗಿಸಿ ಬಂದಿತ್ತು. ಅದರ ನೀರು ತಯಾರಿಸುವ ಯಂತ್ರ ದಾರಿಯಲ್ಲಿ ಕೆಟ್ಟು, ನಾಲ್ಕು ದಿನದಿಂದ ಕೆಡೆಟ್‌ಗಳಿಗೆ ಸ್ನಾನಕ್ಕೆ ನೀರಿರಲಿಲ್ಲ. ನಮ್ಮ ನೀರು ಸಿದ್ಧವಿತ್ತು, ಕೊಳವೆ ಸಿದ್ಧವಿತ್ತು. ಆದರೆ ಕೊಳವೆಯ ತುದಿ ಅವರ ಬಾಯಿಗೆ ಕೂರಲಿಲ್ಲ. ನಮ್ಮದು ಒತ್ತಿದರೆ ಸಿಕ್ಕಿಕೊಳ್ಳುವ ಜೋಡಣೆ, ಅವರದು ತಿರುಚಿ ಬಿಗಿಮಾಡುವುದು. ನೀರಿನ ಪ್ರಮಾಣ ಕೇಳಿದ್ದ ನಾನು ಜೋಡಣೆಯ ಅಳತೆ ಕೇಳಿರಲಿಲ್ಲ. ಮೇಲೆ ಅಂಚಿನಲ್ಲಿ ಹತ್ತು ಹದಿನೈದು ಹುಡುಗರು ಸಾಲಾಗಿ ನಿಂತು, ಬಿಸಿಲಲ್ಲಿ ಬಿದ್ದಿದ್ದ ಆ ಕೊಳವೆಯನ್ನೇ ನೋಡುತ್ತಿದ್ದರು. ಒಬ್ಬನ ಹೆಗಲ ಮೇಲೆ ಟವೆಲ್ ಇತ್ತು. ಆ ದೃಶ್ಯ ನನಗೆ ಇಂದಿಗೂ ಸಂಕಟ ತರುತ್ತದೆ.

ಕಾರ್ಯಾಗಾರದ ಹಿರಿಯ ಫಿಟ್ಟರ್ ಒಬ್ಬರು ಸೈಕಲ್ ತುಳಿದುಕೊಂಡು ಬಂದರು. ಕ್ಯಾಲಿಪರ್‌ನಿಂದ ಎರಡೂ ತುದಿಗಳನ್ನು ಅಳೆದು, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು. "ಸಾರ್, ಎರಡು ಗಂಟೆ ಕೊಡಿ" ಎಂದು ಹೊರಟುಹೋದರು. ಹಿತ್ತಾಳೆಯ ತುಂಡನ್ನು ಲೇತ್‌ಗೆ ಕೂರಿಸಿ, ಒಂದು ಬದಿಗೆ ನಮ್ಮ ಅಳತೆ, ಇನ್ನೊಂದು ಬದಿಗೆ ಅವರ ತಿರುಪಿನ ಸುತ್ತು ಕೊರೆದು, ಮುಷ್ಟಿಗಾತ್ರದ ಒಂದು ಜೋಡಣೆ ತಂದರು. ಇನ್ನೂ ಬಿಸಿಯಿತ್ತು, ಎಣ್ಣೆಯ ವಾಸನೆ ಬರುತ್ತಿತ್ತು. ನೀರು ಏರತೊಡಗಿದಾಗ ಮೇಲಿಂದ ಚಪ್ಪಾಳೆ ಕೇಳಿತು.

ಜನರಿಗೆ ಕಾಣುವುದು ಮರ್ಯಾದೆಯ ಭಾಗ. ಅದನ್ನೂ ನಾನು ಅಷ್ಟೇ ಗಂಭೀರವಾಗಿ ತೆಗೆದುಕೊಂಡವನು. ಕೊಚ್ಚಿಯಲ್ಲಿ ಹಡಗು ಫೋರ್ಟ್ ಕೊಚ್ಚಿಯ ಚೀನೀ ಬಲೆಗಳನ್ನು ಒಂದು ಬದಿಗೆ, ವೈಪಿನ್ ದ್ವೀಪವನ್ನು ಇನ್ನೊಂದು ಬದಿಗೆ ಇಟ್ಟುಕೊಂಡು ಒಳಬರುತ್ತದೆ. ಕುಶಾಲತೋಪು ನಿಗದಿಯಾಗಿದ್ದರೆ ಅದು ನಮ್ಮ ಧ್ವಜವನ್ನು ತನ್ನ ಕೂವೆಗೆ ಏರಿಸಿ 21 ತೋಪು ಹಾರಿಸುತ್ತದೆ. ಫೋರ್ಟ್ ಕೊಚ್ಚಿಯ ದಡದಲ್ಲಿರುವ ನಮ್ಮ ನೌಕಾ ಫಿರಂಗಿ ತರಬೇತಿ ಶಾಲೆ ಐಎನ್‌ಎಸ್ ದ್ರೋಣಾಚಾರ್ಯ ಅವರ ಧ್ವಜ ಏರಿಸಿ, ತೋಪಿಗೆ ತೋಪು ಎಣಿಸಿ ಮರಳಿಸುತ್ತದೆ. ಐದು ಸೆಕೆಂಡಿಗೊಂದರಂತೆ ಹಾರಿಸಿದರೆ ಮೊದಲನೆಯದರಿಂದ ಕೊನೆಯದಕ್ಕೆ ನೂರು ಸೆಕೆಂಡು. ಈ ಹೊತ್ತಿನಲ್ಲಿ ಧ್ವಜ ತಲೆಕೆಳಗಾದರೆ ಅದನ್ನು ಯಾವ ಕ್ಷಮಾಪಣೆಯೂ ಅಳಿಸದು. ಇಂಡೋನೇಷ್ಯಾದ ಧ್ವಜದಲ್ಲಿ ಕೆಂಪು ಮೇಲೆ, ಬಿಳಿ ಕೆಳಗೆ. ತಿರುಗಿಸಿದರೆ ಪೋಲೆಂಡಿನದಾಗುತ್ತದೆ. ಹಿಂದಿನ ಸಂಜೆ ಸಿಗ್ನಲ್ ವಿಭಾಗದವರೊಂದಿಗೆ ಕೂತು ಧ್ವಜ ಬಿಚ್ಚಿ, ಹಗ್ಗಕ್ಕೆ ಕಟ್ಟಿಸಿ, ಒಮ್ಮೆ ಏರಿಸಿ ನೋಡಿದ ಮೇಲೆಯೇ ನಾನು ಮನೆಗೆ ಹೋಗುತ್ತಿದ್ದೆ.

2016ರ ಫೆಬ್ರುವರಿಯಲ್ಲಿ ವಿಶಾಖಪಟ್ಟಣದಲ್ಲಿ ನಡೆದ ಅಂತರರಾಷ್ಟ್ರೀಯ ನೌಕಾ ಪರಿಶೀಲನೆಗೆ ಸುಮಾರು 50 ನೌಕಾಪಡೆಗಳು ಬಂದಿದ್ದವು. ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಐಎನ್‌ಎಸ್ ಸುಮಿತ್ರಾ ಮೇಲಿಂದ ಗೌರವ ಸ್ವೀಕರಿಸಿದರು. ಅಲ್ಲಿಗೂ ಸಂಪರ್ಕಾಧಿಕಾರಿಗಳ ದೊಡ್ಡ ಪಡೆಯೇ ಬೇಕಾಗಿತ್ತು, ನನ್ನನ್ನೂ ಕರೆಸಿದ್ದರು. ನಾನು ಹೊರಡುವಾಗ ಚೀಲದಲ್ಲಿ ಇಟ್ಟುಕೊಂಡದ್ದು ಸಮವಸ್ತ್ರ, ಉಬ್ಬರದ ಕೋಷ್ಟಕ ಮತ್ತು ಆ ಹೊತ್ತಿಗೆ ಏಳಕ್ಕೆ ಬೆಳೆದಿದ್ದ ಹಿತ್ತಾಳೆ ಜೋಡಣೆಗಳ ಪೆಟ್ಟಿಗೆ.

ಆ ತರಬೇತಿ ನೌಕೆ ಹೊರಟ ದಿನ ಅವರ ಕ್ಯಾಪ್ಟನ್ ನಮ್ಮ ಅಡ್ಮಿರಲ್‌ಗೆ ಹಡಗಿನ ಲಾಂಛನ ಕೊಟ್ಟರು. ಅವರ ಎಂಜಿನಿಯರ್ ಇಳಿದು ಬಂದು ನನ್ನ ಕೈಗೆ ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತು ಇಟ್ಟ. ಅವರ ಉಗ್ರಾಣದ ನೀರಿನ ಜೋಡಣೆ, ಹೊಚ್ಚ ಹೊಸದು. ಮೂರು ವರ್ಷದ ನಂತರ ಅದೇ ದೇಶದ ಇನ್ನೊಂದು ನೌಕೆ ಬಂದಾಗ ನಾನದನ್ನು ಪೆಟ್ಟಿಗೆಯಿಂದ ತೆಗೆದು ಕೊಳವೆಗೆ ಕೂರಿಸಿದೆ. ಕೊನೆಯ ಹಗ್ಗ ದಕ್ಕೆಯ ಗೂಟಕ್ಕೆ ಬಿಗಿಯುವ ಮೊದಲೇ ನೀರಿನ ಕೊಳವೆ ಅವರ ಅಂಚಿನಲ್ಲಿತ್ತು.