ಅಡಿಕೆ ಸುಲಿಯುವ ಅಂಗಳದಲ್ಲಿ ನಾಟಕ

ಹೋರಾಟಕ್ಕೆ ಇಳಿದರೆ ನಟಿಗೆ ಅವಕಾಶ ತಪ್ಪುವುದಿಲ್ಲವೆ ಎಂದು ರಂಗಭೂಮಿಗೆ ಬರಲು ಹೊರಟ ಹುಡುಗಿಯರು ನನ್ನನ್ನು ಕೇಳುತ್ತಾರೆ. ತಪ್ಪುತ್ತದೆ. ನನಗೂ ತಪ್ಪಿದೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಊರುಕೇರಿಗಳಲ್ಲಿ ಮಂಗನ ಕಾಯಿಲೆಯ ಬಗ್ಗೆ ನಾಟಕ ಆಡುತ್ತ ಬಂದವಳಿಗೆ ಆ ಪ್ರಶ್ನೆಗಿಂತ ದೊಡ್ಡದೆನಿಸುವ ಮಾತು ಬೇರೆ ಇದೆ: ಅಭಿನಯದ ಹದ ತಪ್ಪಿದರೆ ಹೋರಾಟವೂ ಹಳಿ ತಪ್ಪುತ್ತದೆ.

ನಮ್ಮದು ಮುಳುಗಡೆಯ ಮನೆತನ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ಹಿನ್ನೀರು ಏರಿದಾಗ ಅಜ್ಜಿಯ ಊರು ನೀರಿನಡಿ ಸೇರಿತು. ಪಾತ್ರೆ ಪಗಡೆಯ ಸಮೇತ ಲಾರಿಯಲ್ಲಿ ತಂದು ಕಾಡಿನ ಅಂಚಿನಲ್ಲಿ ಇಳಿಸಿದ ಕುಟುಂಬಗಳಲ್ಲಿ ನಮ್ಮದೂ ಒಂದು. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರಲ್ಲಿ ಎಷ್ಟೋ ಮಂದಿಗೆ ಉಳುವ ನೆಲದ ಹಕ್ಕುಪತ್ರ ಇನ್ನೂ ಕೈಸೇರಿಲ್ಲ. ಪಹಣಿ, ಸರ್ವೆ ನಂಬರು, ಅರಣ್ಯ ಇಲಾಖೆಯ ನೋಟಿಸು ಎಂಬ ಮಾತುಗಳನ್ನು ಊಟದ ಹೊತ್ತಿಗೆ ಕೇಳುತ್ತಲೇ ನಾನು ಬೆಳೆದೆ.

ನಾಟಕ ಕಲಿತದ್ದು ಹೆಗ್ಗೋಡಿನಲ್ಲಿ. ಕೆ.ವಿ. ಸುಬ್ಬಣ್ಣ ಮತ್ತು ಅವರ ಗೆಳೆಯರು 1949ರಲ್ಲಿ ಕಟ್ಟಿದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿತು. ಅಡಿಕೆ ತೋಟಗಳ ನಡುವಿನ ಹಳ್ಳಿಯೊಂದರಿಂದ ಪ್ರತಿವರ್ಷ ನಾಟಕಗಳು ಹೊರಟು ಕರ್ನಾಟಕವನ್ನೆಲ್ಲ ಸುತ್ತಿಬರುವುದು ನನಗೆ ಇಂದಿಗೂ ಅಚ್ಚರಿಯ ಸಂಗತಿ. ಅಲ್ಲಿ ಕಲಿತು, ತಿರುಗಾಟದಲ್ಲಿ ಸುತ್ತಿದಾಗ ಪಾತ್ರ ಮಾಡಿದಷ್ಟೇ ಸಾಮಾನು ಹೊತ್ತಿದ್ದೇನೆ. ಸಂಜೆ ಸೆಟ್ಟು ಕಟ್ಟಿ, ಬಣ್ಣ ಹಚ್ಚಿ, ಆಡಿ, ರಾತ್ರಿಯೇ ಎಲ್ಲವನ್ನೂ ಬಿಚ್ಚಿ ಮುಂದಿನ ಊರಿಗೆ. ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸುವುದು, ಎದುರಿನ ನಟನ ಮಾತನ್ನು ಪ್ರತಿದಿನವೂ ಹೊಸದಾಗಿ ಕೇಳಿಸಿಕೊಳ್ಳುವುದು, ಇವೆರಡು ಮೈಗೂಡಿದ್ದು ಆಗಲೇ. ಮುಂದೆ ಪ್ರತಿಭಟನಾ ಸಭೆಗಳಲ್ಲಿ ಮಾತನಾಡಬೇಕಾದಾಗ ಕೈಹಿಡಿದದ್ದೂ ಇವೇ.

ಮಂಗನ ಕಾಯಿಲೆಯ ನಾಟಕಕ್ಕೆ ಕಾರಣವಾದದ್ದು ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಂಭವಿಸಿದ ಸಾವುಗಳು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಈ ಜ್ವರಕ್ಕೆ ನಮ್ಮ ನೆಲದ ಹೆಸರೇ ಅಂಟಿಕೊಂಡಿದೆ. ಹರಡುವುದು ಉಣುಗಿನಿಂದ, ಎಂದರೆ ರಕ್ತ ಹೀರುವ ಉಣ್ಣೆಯಿಂದ. ಮಂಗ ಸತ್ತುಬಿದ್ದಲ್ಲಿ ಅದರ ಮೈಮೇಲಿನ ಉಣುಗುಗಳು ಕೆಳಗಿಳಿಯುತ್ತವೆ. ಮಳೆ ನಿಂತ ಮೇಲೆ, ನವೆಂಬರಿನಿಂದ ಮೇ ತನಕ, ದರಗಿನ, ಎಂದರೆ ಉದುರಿದ ಒಣ ಎಲೆಗಳ ಮೇಲೆ ಸಾಸಿವೆಗಿಂತ ಚಿಕ್ಕ ಮರಿಗಳು ಓಡಾಡುತ್ತವೆ. ಕೊಟ್ಟಿಗೆಗೆ ದರಗು ತರುವವರು, ಸೌದೆಗೆ ಹೋಗುವವರು, ದನ ಮೇಯಿಸುವವರು ಕಾಯಿಲೆಯ ಬಾಯಿಗೆ ಮೊದಲು ಸಿಗುತ್ತಾರೆ. ದರಗಿನ ಕೆಲಸ ಬಹುಪಾಲು ಹೆಂಗಸರದು. ಕಾಯಿಲೆಗೆಂದೇ ಔಷಧಿಯಿಲ್ಲ, ಬೇಗ ಗುರುತಿಸಿ ಆಸ್ಪತ್ರೆಯಲ್ಲಿ ಆರೈಕೆ ಮಾಡುವುದೊಂದೇ ದಾರಿ. ಪರಿಣಾಮ ಸಾಲದೆಂದು ಹಳೆಯ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಿದರು.

ನಾವು ಬರೆಯುವ ಮೊದಲು ಕೇಳಿದೆವು. ಜ್ವರದಿಂದ ಎದ್ದವರ ಮನೆಯ ಜಗಲಿಯಲ್ಲಿ ಕೂತು, ಮೊದಲ ದಿನ ಏನಾಯಿತು, ಯಾರು ಏನೆಂದರು, ಎಷ್ಟು ದಿನ ಮಾಮೂಲಿ ಜ್ವರವೆಂದು ಮನೆಯಲ್ಲೇ ಇದ್ದರು ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಂಡೆವು. ತಂಡದ ಗೆಳೆಯನೊಬ್ಬ ಸರ್ಕಾರವನ್ನು ಬೈಯುವ ಉದ್ದದ ಹಾಡೊಂದನ್ನು ಕಟ್ಟಿದ್ದ. ಹಾಡು ಚೆನ್ನಾಗಿತ್ತು, ಆದರೂ ತೆಗೆದೆವು. ನಾಳೆ ಬೆಳಿಗ್ಗೆ ಸೊಪ್ಪಿನ ಬೆಟ್ಟಕ್ಕೆ ಹೋಗುವ ಹೆಂಗಸಿಗೆ ಆ ಹಾಡಿನಿಂದ ಏನು ಸಿಗುತ್ತದೆ ಎಂಬುದಷ್ಟೇ ನಮ್ಮ ಅಳತೆಗೋಲಾಗಿತ್ತು. ಉಳಿದದ್ದು ಅರ್ಧ ಗಂಟೆಯೊಳಗೆ ಮುಗಿಯುವ ಆಟ, ಒಂದು ತಮಟೆ, ಒಂದು ದರಗಿನ ಬುಟ್ಟಿ.

ಎಲ್ಲಿ ಆಡಬೇಕೆಂಬುದೂ ಅಷ್ಟೇ ಮುಖ್ಯವಾಯಿತು. ಪಂಚಾಯಿತಿ ಕಟ್ಟೆಯ ಮುಂದೆ ಮಧ್ಯಾಹ್ನ ಆಡಿದರೆ ನೋಡುವವರು ಗಂಡಸರು ಮತ್ತು ಶಾಲೆಯ ಮಕ್ಕಳು. ಉಣುಗಿನ ಕಾಲವೇ ಅಡಿಕೆ ಕೊಯ್ಲಿನ ಕಾಲ. ಆಗ ಹೆಂಗಸರು ರಾತ್ರಿ ಬಹಳ ಹೊತ್ತಿನವರೆಗೆ ಅಡಿಕೆ ಸುಲಿಯುತ್ತ ಒಂದೇ ಕಡೆ ಕೂತಿರುತ್ತಾರೆ. ಹಾಗಾಗಿ ನಾವು ಆ ಅಂಗಳಗಳಿಗೇ ಹೋದೆವು. ಅಡಿಕೆ ಬೇಯುವ ಹಂಡೆಯಿಂದ ಚೊಗರಿನ ವಾಸನೆ, ಸಾಲಾಗಿ ಮೆಟ್ಟುಗತ್ತಿಗಳು, ಮೇಲೊಂದು ಬಲ್ಬು. ಸುಲಿದಷ್ಟಕ್ಕೆ ಕೂಲಿಯಾದ್ದರಿಂದ ಯಾರನ್ನೂ ಕೆಲಸ ನಿಲ್ಲಿಸಿ ನೋಡಿ ಎನ್ನುವಂತಿರಲಿಲ್ಲ. ಕಣ್ಣು ಕತ್ತಿಯ ಮೇಲಿದ್ದರೂ ಕಿವಿಗೆ ಎಲ್ಲವೂ ತಿಳಿಯುವಂತೆ ಮಾತುಗಳನ್ನು ತಿದ್ದಿಕೊಂಡೆವು.

ಕೈಗಳು ತಾವಾಗಿಯೇ ನಿಲ್ಲುತ್ತಿದ್ದ ಒಂದು ಜಾಗವಿತ್ತು. ಕಾಡಿನಿಂದ ಮರಳಿದ ಹೆಂಗಸಾಗಿ ನಾನು ಬುಟ್ಟಿ ಇಳಿಸಿ, ಮಾತಿಲ್ಲದೆ ಮೈಯನ್ನು ಹುಡುಕಿಕೊಳ್ಳುತ್ತೇನೆ. ಮೊದಲು ಮೊಣಕಾಲಿನ ಹಿಂದೆ, ಆಮೇಲೆ ಸೀರೆ ಕಟ್ಟಿದ ಸೊಂಟದ ಸುತ್ತ, ಕಂಕುಳು, ಕಿವಿಯ ಹಿಂದೆ, ಕೂದಲಿನ ಬುಡ. ಉಣುಗು ಕಚ್ಚಿ ಕೂರುವುದು ಇಂಥ ಕಡೆಗಳಲ್ಲೇ. ಬಳಿಕ ಕಳಚಿದ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನಕ್ಕೆ ಹೊರಡುತ್ತೇನೆ. ನಿಜವಾಗಿ ಎಷ್ಟು ಹೊತ್ತು ಬೇಕೋ ಅಷ್ಟೂ ಹೊತ್ತು ಆ ಹುಡುಕಾಟ. ತೀರ್ಥಹಳ್ಳಿ ಕಡೆಯ ಅಂಗಳವೊಂದರಲ್ಲಿ ವಯಸ್ಸಾದ ಅಮ್ಮನೊಬ್ಬರು ಕತ್ತಿ ಬಿಟ್ಟು ಎದ್ದುಬಂದು, ‘ತಂಗಿ, ಕುಪ್ಪಸದ ತೋಳಿನ ಅಂಚು ನೋಡಲಿಲ್ಲವಲ್ಲ, ಅಲ್ಲೂ ಕೂರುತ್ತದೆ’ ಎಂದು ನನ್ನ ತೋಳು ಹಿಡಿದು ತೋರಿಸಿದರು. ಮರುದಿನದಿಂದ ಅದೂ ಆಟದೊಳಗೆ ಸೇರಿತು. ರಂಗಶಾಲೆಯಲ್ಲಿ ನಿರ್ದೇಶಕರು ತಿದ್ದಿದಾಗ ಪಟ್ಟ ಸಂತೋಷಕ್ಕಿಂತ ಇದರ ಸಂತೋಷ ನನಗೆ ಹೆಚ್ಚು.

ಹೋರಾಟ ಶುರುವಾಗುತ್ತಿದ್ದುದು ಆಟ ಮುಗಿದ ಮೇಲೆ. ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ನಮ್ಮ ಕೇರಿಗೆ ಬಂದಿಲ್ಲ, ಸತ್ತ ಮಂಗದ ಸುದ್ದಿ ಯಾರಿಗೆ ಕೊಡಬೇಕು, ರಕ್ತ ಪರೀಕ್ಷೆಯ ವರದಿ ಏಕೆ ತಡ ಎಂದು ಅವರೇ ಎತ್ತಿದ ಪ್ರಶ್ನೆಗಳನ್ನು ಅಲ್ಲೇ ಅರ್ಜಿಯಾಗಿ ಬರೆದು, ಸಹಿ ಹಾಕಿಸಿ, ಕಚೇರಿಗೆ ಅವರೊಂದಿಗೇ ಹೋಗುತ್ತಿದ್ದೆವು. ಒಂದು ಕಚೇರಿಯಲ್ಲಿ ನಮ್ಮನ್ನು ಸಂಜೆಯವರೆಗೆ ಹೊರಗೆ ಕೂರಿಸಿದರು. ಕೂತೆವು, ಎಣ್ಣೆಯ ಬಾಟಲಿ ಹಿಡಿದುಕೊಂಡೇ ಎದ್ದೆವು. ಮಾತನಾಡುವ ಸರದಿ ಬಂದಾಗ ನಾನು ಹಿಂದೆ ನಿಲ್ಲುತ್ತೇನೆ. ದರಗು ತರುವವರು ತಾವೇ ಹೇಳಿದರೆ ಅಧಿಕಾರಿ ತಲೆಯೆತ್ತಿ ನೋಡಲೇಬೇಕಾಗುತ್ತದೆ.

ಇನ್ನು ತಪ್ಪಿದ ಅವಕಾಶದ ಮಾತು. ಬೆಂಗಳೂರಿನ ಧಾರಾವಾಹಿಯೊಂದರಲ್ಲಿ ಒಳ್ಳೆಯ ಪಾತ್ರ ಸಿಕ್ಕಿತ್ತು. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ವಿರುದ್ಧ ನಾನು ಮಾತನಾಡಿದ ವಿಡಿಯೊ ನೋಡಿದವರು, ಚಿತ್ರೀಕರಣ ಮುಗಿಯುವವರೆಗೆ ಇಂಥದ್ದೆಲ್ಲ ಬೇಡ ಎಂದರು. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆತ್ತಿ ಕೆಳಕ್ಕೆ ಬಿಟ್ಟು 2,000 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆಯದು. ಹೀಗೆ ತೆಗೆಯುವ ವಿದ್ಯುತ್ತಿಗಿಂತ ನೀರೆತ್ತಲು ತಗಲುವ ವಿದ್ಯುತ್ತೇ ಹೆಚ್ಚು. ಜಾಗವೋ ಸಿಂಗಳೀಕಗಳ ಅಭಯಾರಣ್ಯ. ಒಮ್ಮೆ ಮುಳುಗಿದ ಮನೆಯ ಮೊಮ್ಮಗಳು ಈ ವಿಷಯದಲ್ಲಿ ಬಾಯಿ ಮುಚ್ಚಿಕೊಳ್ಳಲಾರಳು. ಪಾತ್ರ ಬಿಟ್ಟೆ. ದುಃಖವಾಯಿತು, ಆ ಪಾತ್ರ ನನಗೆ ನಿಜವಾಗಿಯೂ ಇಷ್ಟವಾಗಿತ್ತು.

ಅಂದಿನಿಂದ ಯಾವ ಕೆಲಸ ಒಪ್ಪುವ ಮೊದಲೂ ಎರಡು ವಿಷಯ ಮಾತನಾಡಿಕೊಳ್ಳುತ್ತೇನೆ. ಕೆಲಸದ ಹೊರಗೆ ನನ್ನ ಮಾತು ನನ್ನದು ಎಂಬುದು ಒಂದು. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇದೆಯೇ ಎಂಬುದು ಇನ್ನೊಂದು. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಮಹಿಳೆಯ ಅಧ್ಯಕ್ಷತೆಯಲ್ಲಿ, ಹೊರಗಿನ ಸದಸ್ಯರೊಬ್ಬರನ್ನೂ ಒಳಗೊಂಡ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ತಂಡಗಳಲ್ಲಿ ತೊಂದರೆಯಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರಿಗೆ ಸಾಮಾನ್ಯವಾಗಿ ಮೂರು ತಿಂಗಳ ಗಡುವು. ನಮ್ಮ ಕಡೆಯ ಹವ್ಯಾಸಿ ತಂಡಗಳ ಹುಡುಗಿಯರಲ್ಲಿ ಹೆಚ್ಚಿನವರಿಗೆ ಇದು ತಿಳಿದಿರುವುದಿಲ್ಲ. ತಾಲೀಮಿನ ಮೊದಲ ದಿನವೇ ನಾನು ಇದನ್ನು ಓದಿ ಹೇಳುತ್ತೇನೆ, ಹುಡುಗರ ಎದುರಿಗೇ.

ಹೊಟ್ಟೆಪಾಡು ಬೇಸಿಗೆಯ ಮಕ್ಕಳ ಶಿಬಿರ, ಕಾಲೇಜುಗಳ ನಾಟಕ, ಆಗೀಗ ಕಂಠದಾನದಿಂದ ನಡೆಯುತ್ತದೆ. ಮಳೆಗಾಲದ ತಿಂಗಳುಗಳು ಬಿಗಿ. ಹಾಗೆಂದು ನಾಟಕಕ್ಕೆ ಊರಿನವರಿಂದ ಹಣ ಕೇಳುವುದಿಲ್ಲ, ರಾತ್ರಿಯೂಟ ಮಾತ್ರ ಬೇಡವೆನ್ನುವುದಿಲ್ಲ. ಮಳೆ ನಿಂತೊಡನೆ ಹೊಸನಗರದ ಕಡೆಯಿಂದ ಮತ್ತೆ ಹೊರಡುತ್ತೇವೆ. ಸುಲಿಯುವವರು ಕೂರುವ ಅಂಗಳವಿದ್ದು, ನಾಲ್ಕು ಮಂದಿ ನಿಂತು ಆಡುವಷ್ಟು ಜಾಗವಿದ್ದರೆ ಕರೆಯಿರಿ. ವೇದಿಕೆ, ಮೈಕು, ಹಾರ ಯಾವುದೂ ಬೇಡ. ಅಕ್ಕಪಕ್ಕದಲ್ಲಿ ಮಂಗ ಸತ್ತಿದ್ದರೆ ಮಾತ್ರ ನಮಗಿಂತ ಮೊದಲು ಆಶಾ ಕಾರ್ಯಕರ್ತೆಗೆ ತಿಳಿಸಿ, ಆ ಕಡೆಯ ದರಗನ್ನು ತರಬೇಡಿ.